ನಾಯಿ ಬೆಕ್ಕಿನ ಆಪರೇಷನ್ ಗಾಡಿ ನಮ್ಮ ಓಣಿಗೂ ಬರ್ಲಿ

ಮಾನ್ಯ ಸಂಪಾದಕರೇ, ನಮಸ್ಕಾರ. ಮನೆ ನಾಯಿ ಬೆಕ್ಕಿಗೆ ಮರಿ ಆಗದ ಹಾಗೆ ಓಣಿಗೇ ಬಂದು ಕಡಿಮೆ ದರದಲ್ಲಿ ಆಪರೇಷನ್ ಮಾಡೋ ಗಾಡಿ ಬಗ್ಗೆ ಈ ಪತ್ರ.

ಬೀದಿನಾಯಿಗಳ ಬಗ್ಗೆ ಪೇಪರ್‌ಗಳಲ್ಲಿ ಬರ್ತಿರೋ ಸುದ್ದಿ, ಓದುಗರ ಪತ್ರ ಎಲ್ಲಾ ತಪ್ಪದೆ ಓದ್ತೀನಿ. ಸುಪ್ರೀಂ ಕೋರ್ಟು 2025 ರ ಆಗಸ್ಟ್ 11 ಕ್ಕೆ ದಿಲ್ಲಿ ಸುತ್ತಮುತ್ತಲ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂದಿದ್ದು, ಆಗಸ್ಟ್ 22 ಕ್ಕೆ ಅದನ್ನ ಬದಲಾಯಿಸಿ ಆಪರೇಷನ್ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ ಅಂದಿದ್ದು, ನವೆಂಬರ್‌ನಲ್ಲಿ ಮತ್ತೆ ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಒಳಗೆ ನಾಯಿ ಇರಬಾರದು ಅಂದಿದ್ದು, ಇದರ ಮೇಲೆ ಎರಡೂ ಕಡೆಯವರು ಬೇಕಾದಷ್ಟು ಬರೆದಿದ್ದಾರೆ. ಆದ್ರೆ ಬೀದೀಲಿರೋ ಮರಿಗಳು ಹುಟ್ಟೋದು ಎಲ್ಲಿ ಅನ್ನೋದನ್ನ ಯಾರೂ ಬರೀತಾ ಇಲ್ಲ. ಬೀದಿ ನಾಯಿಗೆ ಬೀದೀಲಿ ಹುಟ್ಟಿದ್ದೂ ಇರುತ್ತೆ, ಆದ್ರೆ ನಮ್ಮ ಕಡೆ ನಾನು ಕಣ್ಣಾರೆ ನೋಡೋದು ಬೇರೆ. ಮನೆ ನಾಯಿ ಈಯುತ್ತೆ, ಮನೆ ಬೆಕ್ಕು ಈಯುತ್ತೆ, ಮರಿ ಬೀದಿಗೆ ಹೋಗುತ್ತೆ.

ನಾನಿರೋದು ಗೋವಾದ ವಾಸ್ಕೋ ಹತ್ತಿರ ಝುವಾರಿನಗರದಲ್ಲಿ, ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಕೊಂಡಿದ್ದೀನಿ. ಇಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಕಡೆಯವ್ರೇ ಜಾಸ್ತಿ, ವೆರ್ಣಾ ಫ್ಯಾಕ್ಟರಿಗಳಿಗೆ ಹೋಗೋರು, ಬಂದರು ಕೆಲಸದವ್ರು, ಬಿಲ್ಡಿಂಗ್ ಕೆಲಸದವ್ರು, ಮನೆಗೆಲಸಕ್ಕೆ ಹೋಗೋ ಹೆಣ್ಮಕ್ಕಳು. ಬ್ಲೌಸ್ ಹೊಲಿಸೋಕೆ ಬಂದವ್ರು ಕೂತು ಮಾತಾಡ್ತಾರೆ, ಅದರಲ್ಲಿ ನಾಯಿ ಬೆಕ್ಕಿನ ಮಾತೂ ಇರುತ್ತೆ. ಸಾಕಿದ ನಾಯಿ ಅಂದ್ರೆ ಪೇಟೆಯವ್ರಿಗೆ ಬೆಲ್ಟ್ ಹಾಕ್ಕೊಂಡು ಸೋಫಾ ಮೇಲೆ ಕೂತಿರೋ ಲ್ಯಾಬ್ರಡಾರ್ ನೆನಪಾಗಬಹುದು, ನಮ್ಮ ಓಣೀಲಿ ಸಾಕಿದ ನಾಯಿ ಅಂದ್ರೆ ಹಗಲು ರಸ್ತೇಲಿ, ರಾತ್ರಿ ಬಾಗಿಲ ಮುಂದೆ, ಹೊತ್ತಿಗೆ ಒಂದು ತಟ್ಟೆ ಅನ್ನ ಮೀನಿನ ಸಾರು. ಹೆಸರಿರುತ್ತೆ, ಮಕ್ಕಳು ಎತ್ಕೊಂಡು ಆಡಿಸ್ತವೆ, ಯಾರಾದ್ರೂ ಕಲ್ಲು ಹೊಡೆದ್ರೆ ಜಗಳ ಆಗುತ್ತೆ. ಆದ್ರೆ ಕಟ್ಟಿ ಹಾಕೋಕೆ ಕಾಂಪೌಂಡ್ ಇಲ್ಲ, ಹತ್ತು ಬೈ ಹತ್ತು ರೂಮಲ್ಲಿ ಐದು ಜನ ಇರೋವಾಗ ಬೆದೆಗೆ ಬಂದ ಹೆಣ್ಣು ನಾಯೀನ ಎರಡು ಮೂರು ವಾರ ಒಳಗೆ ಕೂಡಿಹಾಕೋದು ಆಗೋ ಮಾತಲ್ಲ, ಹೊರಗೆ ಹತ್ತು ಗಂಡು ನಾಯಿ ಕಾಯ್ತಾ ಇರ್ತವೆ, ರಾತ್ರಿಯೆಲ್ಲ ಜಗಳ, ಕಚ್ಚಾಟ, ಸ್ಕೂಟರ್ ಹಿಂದೆ ಓಡೋದು, ಸುಮಾರು 63 ದಿನ ಕಳೆದ್ರೆ ಮೂಲೇಲಿ ಐದಾರು ಮರಿ. ಆರು ಏಳು ತಿಂಗಳಿಗೆ ಮತ್ತೆ ಅದೇ ಕಥೆ.

ಆ ಮರಿಗಳ ಗತಿ ಏನು ಅಂತ ನಮ್ಮ ಓಣಿಯ ಎಲ್ಲರಿಗೂ ಗೊತ್ತು. ಗಂಡು ಮರಿ ಆದ್ರೆ ಯಾರಾದ್ರೂ ಕೇಳ್ಕೊಂಡು ಬರ್ತಾರೆ. ಹೆಣ್ಣು ಮರೀನ ಯಾರೂ ಕೇಳಲ್ಲ, "ಹೆಣ್ಣ ಬ್ಯಾಡ ಅಕ್ಕಾ, ನಾಳೆ ಅದು ಈಯ್ತದ, ಆ ಮರಿ ಯಾರ ನೋಡೂದು" ಅಂತಾರೆ. ಹಾಗಾಗಿ ಹೆಣ್ಣು ಮರಿಗಳು ಗೋಣಿಚೀಲದಲ್ಲಿ ಮೀನು ಮಾರ್ಕೆಟ್ ಕಡೆಗೋ, ಹೈವೇ ಪಕ್ಕದ ಧಾಬಾ ಹಿಂದಕ್ಕೋ ಹೋಗ್ತವೆ. ಜೂನ್ ಜುಲೈ ಮಳೇಲಿ ಹುಟ್ಟಿದ್ವು ಅಂದ್ರೆ ಬಹಳಷ್ಟು ಹಾಗೇ ಸಾಯ್ತವೆ, ಪಾರ್ವೋ ಅನ್ನೋ ರೋಗ ಬಂದು ರಕ್ತ ಭೇದಿ ಮಾಡ್ಕೊಂಡು ಸಾಯ್ತವೆ. ಬದುಕಿ ಉಳಿದ ಹೆಣ್ಣು ಮರಿ ವರ್ಷ ತುಂಬೋದ್ರೊಳಗೆ ತಾನೇ ತಾಯಿ ಆಗುತ್ತೆ. ಮರಿ ಬಿಟ್ಟು ಬರೋರನ್ನ ಕ್ರೂರಿಗಳು ಅಂತ ಬೈಯೋಕೆ ನನಗೆ ಮನಸ್ಸು ಬರಲ್ಲ, ಅವರಲ್ಲಿ ಅಳ್ತಾ ಬಿಟ್ಟು ಬಂದವ್ರೂ ಇದ್ದಾರೆ. ಬೇರೆ ದಾರಿ ಅವರ ಕೈಗೆಟುಕೋ ಹಾಗೆ ಇರ್ಲಿಲ್ಲ.

ಇನ್ನು ಕನ್‌ಸ್ಟ್ರಕ್ಷನ್ ಸೈಟ್‌ಗಳು. ರಾತ್ರಿ ಕಾವಲಿಗೆ ಅಂತ ಪ್ರತಿ ಸೈಟಲ್ಲೂ ವಾಚ್‌ಮನ್ ಒಂದೆರಡು ಮರಿ ಸಾಕ್ಕೋತಾನೆ, ಕೂಲಿಯವ್ರ ಶೆಡ್‌ಗಳಲ್ಲಿ ಉಳಿದ ಅನ್ನ ತಿಂದು ಬೆಳೀತವೆ, ಬಿಲ್ಡಿಂಗ್ ಮುಗಿದ ಮೇಲೆ ಶೆಡ್ ಕಿತ್ತು ಜನ ಇನ್ನೊಂದು ಸೈಟಿಗೆ ಹೋಗ್ತಾರೆ, ನಾಯಿ ಅಲ್ಲೇ ಉಳಿಯುತ್ತೆ, ಅಷ್ಟೊತ್ತಿಗೆ ಒಂದು ಹತ್ತು ಆಗಿರ್ತವೆ. ಆಮೇಲೆ ಆ ಹೊಸ ಬಿಲ್ಡಿಂಗಿಗೆ ಬಂದ ಫ್ಲಾಟ್‌ನವ್ರು ನಾಯಿ ಕಾಟ ಅಂತ ಕಂಪ್ಲೇಂಟ್ ಕೊಡ್ತಾರೆ. ಮೊದಲನೇ ವರ್ಷವೇ ಆ ಒಂದು ಹೆಣ್ಣು ನಾಯಿಗೆ ಆಪರೇಷನ್ ಆಗಿದ್ರೆ ಅಷ್ಟು ದೂರ ಹೋಗ್ತಿರ್ಲಿಲ್ಲ.

ಹಾಗಾದ್ರೆ ಯಾಕೆ ಮಾಡ್ಸಲ್ಲ? ಬೀದಿನಾಯಿಗೆ ಸರ್ಕಾರದ ಕಾರ್ಯಕ್ರಮ ಇದೆ, ಹಿಡಿದು ಆಪರೇಷನ್ ಮಾಡಿ, ಗುರುತಿಗೆ ಕಿವಿ ಸ್ವಲ್ಪ ಕತ್ತರಿಸಿ, ವಾಪಸ್ ಬಿಡ್ತಾರೆ. ಸಾಕಿದ ನಾಯಿ ಅದರಲ್ಲಿ ಬರಲ್ಲ. 2023 ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ, ಸಾಕುಪ್ರಾಣಿಯ ಜಂತಿನ ಔಷಧಿ, ಲಸಿಕೆ, ಸಂತಾನಹರಣ ಎಲ್ಲಾ ಮಾಲೀಕರ ಜವಾಬ್ದಾರಿ. ಸರಿಯಾದ ನಿಯಮವೇ, ಸಾಕಿದವ್ರೇ ನೋಡ್ಕೋಬೇಕು, ನಾನು ಒಪ್ತೀನಿ. ಆದ್ರೆ ಪ್ರೈವೇಟ್ ಕ್ಲಿನಿಕ್ಕಲ್ಲಿ ಹೆಣ್ಣು ನಾಯಿ ಆಪರೇಷನ್ ಅಂದ್ರೆ ಸಾವಿರಗಟ್ಟಲೆ ಖರ್ಚು, ರಕ್ತ ಪರೀಕ್ಷೆ, ಔಷಧಿ, ಮತ್ತೆ ತೋರಿಸೋಕೆ ಹೋಗೋದು ಎಲ್ಲಾ ಸೇರಿದ್ರೆ ನಮ್ಮವ್ರ ಒಂದು ತಿಂಗಳ ರೂಮ್ ಬಾಡಿಗೆ ಹೋಗುತ್ತೆ. ಕಡಿಮೆ ದುಡ್ಡಲ್ಲಿ ಅಥವಾ ಫ್ರೀಯಾಗಿ ಮಾಡೋ ಪ್ರಾಣಿ ಸಂಸ್ಥೆಗಳು ಗೋವಾದಲ್ಲಿ ಇವೆ, ಒಳ್ಳೆ ಕೆಲಸಾನೂ ಮಾಡ್ತಿವೆ, ಆದ್ರೆ ಹೆಸರು ಕೇಳಿದವು ಬಹಳ ಮಟ್ಟಿಗೆ ಉತ್ತರ ಗೋವಾದ ಬಾರ್ದೇಜ್ ತಾಲೂಕಲ್ಲಿ, ಆಸ್ಗಾಂವ್ ಶಿವೊಲಿ ಕಡೆ. ನಾವಿರೋದು ಝುವಾರಿ ಹೊಳೆ ಈ ಕಡೆ. ವಾಸ್ಕೋದಿಂದ ಪಣಜಿ ದಾಟಿ ಮಾಪ್ಸಾ ಆಚೆ ಹೋಗ್ಬೇಕು, ಬಸ್ಸಲ್ಲಿ ನಾಯಿ ಹತ್ತಿಸಲ್ಲ, ಪೈಲಟ್ ಬೈಕ್, ಅಂದ್ರೆ ಇಲ್ಲಿನ ಬಾಡಿಗೆ ಬೈಕ್ ಹಿಂದೆ ನಾಯಿ ಕೂರಿಸ್ಕೊಂಡು ಹೋಗೋಕಾಗಲ್ಲ, ರಿಕ್ಷಾದವ್ರು ಒಪ್ಪಲ್ಲ, ಒಪ್ಪಿದ್ರೂ ಹೋಗಿ ಬರೋ ಬಾಡಿಗೆ ಆಪರೇಷನ್ನಿಗಿಂತ ಜಾಸ್ತಿ ಆಗುತ್ತೆ. ಬಿಡೋಕೆ ಒಂದು ದಿನ, ಕರ್ಕೊಂಡು ಬರೋಕೆ ಒಂದು ದಿನ, ಎರಡು ದಿನದ ಪಗಾರ ಕಟ್. ಆಪರೇಷನ್ ಫ್ರೀ ಇದ್ರೂ ಬಡವರಿಗೆ ಅದು ಫ್ರೀ ಆಗಲ್ಲ, ಇದನ್ನ ಆಫೀಸಲ್ಲಿ ಕೂತು ಸ್ಕೀಮ್ ಮಾಡೋರು ಗಮನಿಸ್ಬೇಕು.

ಅದಕ್ಕೇ ನಾನು ಈ ಪತ್ರ ಬರೀತಿರೋದು ಮೊಬೈಲ್ ಆಪರೇಷನ್ ಗಾಡಿ ಬಗ್ಗೆ. ನಮ್ಮ ಪಕ್ಕದ ವಾರ್ಡಿಗೆ ಒಂದು ಸಂಸ್ಥೆಯ ಗಾಡಿ ಬಂದಿತ್ತು, ನಾನೂ ನಮ್ಮ ಕರಿಯಮ್ಮನ್ನ, ಅಂದ್ರೆ ನಮ್ಮ ಹೆಣ್ಣು ನಾಯೀನ, ಕರ್ಕೊಂಡು ಹೋಗಿದ್ದೆ. ಹೋಗೋಕೆ ಮುಂಚೆ ನನಗೂ ಅನುಮಾನ ಇತ್ತು, ರಸ್ತೆ ಪಕ್ಕ ಗಾಡೀಲಿ ಎಂಥಾ ಆಪರೇಷನ್ ಅಂತ. ಒಳಗೆ ನೋಡಿದ ಮೇಲೆ ಆ ಅನುಮಾನ ಹೋಯ್ತು. ಸ್ಟೀಲ್ ಟೇಬಲ್, ಮೇಲೆ ದೊಡ್ಡ ಲೈಟ್, ಎಸಿ, ಉಪಕರಣಗಳ ಕ್ರಿಮಿನ ಬಿಸಿ ಆವೀಲಿ ಸಾಯಿಸೋ ಆಟೋಕ್ಲೇವ್, ಹಿಂದೆ ಪಂಜರಗಳು, ಹೊರಗೆ ಜನರೇಟರ್. ಹಿಂದಿನ ದಿನವೇ ಹೆಸರು ಬರೆಸ್ಬೇಕು. ಬೆಳಗ್ಗೆ ಹೋದ ಕೂಡ್ಲೆ ತೂಕ ಮಾಡ್ತಾರೆ, ಯಾಕಂದ್ರೆ ಅರಿವಳಿಕೆ ಡೋಸು ತೂಕದ ಮೇಲೆ ಲೆಕ್ಕ, ಆಮೇಲೆ ಡಾಕ್ಟ್ರು ಎದೆ ಬಡಿತ ಕೇಳಿ, ಒಸಡು ನೋಡಿ, ಜ್ವರ ನೋಡಿ, ಸರಿ ಇದ್ರೆ ಮಾತ್ರ ನಮ್ಮ ಸಹಿ ತಗೊಂಡು ಒಳಗೆ ಕರ್ಕೋತಾರೆ. ಹೆಣ್ಣಿಗೆ ಅಂಡಾಶಯ, ಗರ್ಭಕೋಶ ತೆಗೀತಾರೆ, ಗಂಡಿಗೆ ಬೀಜ ತೆಗೀತಾರೆ, ನೋವಿನ ಇಂಜೆಕ್ಷನ್, ಆಂಟಿಬಯೋಟಿಕ್, ಜೊತೆಗೆ ರೇಬೀಸ್ ಲಸಿಕೇನೂ ಹಾಕ್ತಾರೆ. ಸಂಜೆ ಹೊತ್ತಿಗೆ ಎಚ್ಚರ ಆಗಿ ತಾನೇ ಎದ್ದು ನಿಂತ ಮೇಲೇನೇ ಮನೆಗೆ ಕಳಿಸಿದ್ದು. ನಾನು ಸಂಜೆವರೆಗೂ ಅಂಗಡೀಲಿ ಹೊಲೀತಾ ಕೂತಿದ್ದೆ, ಫೋನ್ ಬಂದ ಮೇಲೆ ನಡ್ಕೊಂಡು ಹೋಗಿ ಕರ್ಕೊಂಡು ಬಂದೆ. ಪಗಾರ ಹೋಗ್ಲಿಲ್ಲ, ರಿಕ್ಷಾ ಬೇಕಾಗ್ಲಿಲ್ಲ.

ಕಡಿಮೆ ದುಡ್ಡು ಅಂದ್ರೆ ಕಡಿಮೆ ಕ್ವಾಲಿಟಿ ಅಂತ ತಿಳ್ಕೊಳ್ಳೋರು ಬಹಳ ಜನ ಇದ್ದಾರೆ. ಅಗ್ಗ ಆಗೋದಕ್ಕೆ ಕಾರಣ ಬೇರೆ. ಅಂಗಡಿ ಬಾಡಿಗೆ ಇಲ್ಲ, ಇಡೀ ದಿನ ಒಂದೇ ಟೀಮು ಒಂದೇ ಕೆಲಸ ಮಾಡುತ್ತೆ, ಕೈ ಪಳಗಿದ ಸರ್ಜನ್ ಒಬ್ಬರು ಒಂದು ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಆಪರೇಷನ್ ಮಾಡ್ತಾರೆ, ಸಾಮಾನು ಸಗಟಿನಲ್ಲಿ ಬರುತ್ತೆ, ಉಳಿದ ಖರ್ಚು ದಾನಿಗಳೋ ಸರ್ಕಾರವೋ ಹಾಕುತ್ತೆ. ದಿನಾ ಇದನ್ನೇ ಮಾಡೋ ಡಾಕ್ಟ್ರು ಕೊಯ್ಯೋ ಗಾಯ ಚಿಕ್ಕದಾಗಿರುತ್ತೆ, ಹೊತ್ತೂ ಕಡಿಮೆ ಹಿಡಿಯುತ್ತೆ, ಅರಿವಳಿಕೆಯಲ್ಲಿ ಕಡಿಮೆ ಹೊತ್ತು ಇದ್ದಷ್ಟೂ ಪ್ರಾಣಿಗೆ ಒಳ್ಳೇದು.

ಹಾಗಂತ ಗಾಡಿ ಎಲ್ಲಾ ಪ್ರಾಣಿಗೂ ಅಲ್ಲ, ಇದನ್ನೂ ಹೇಳ್ಬೇಕು. ವಯಸ್ಸಾದ ನಾಯಿ, ಹೃದಯದ ತೊಂದರೆ ಇರೋದು, ಬಹಳ ರಕ್ತ ಕಡಿಮೆ ಇರೋದು, ಪಗ್ ಥರ ಮೂಗು ಚಪ್ಪಟೆ ಇರೋ ಜಾತಿ, ಪರ್ಷಿಯನ್ ಬೆಕ್ಕು, ಇವಕ್ಕೆಲ್ಲ ಅರಿವಳಿಕೆ ಅಪಾಯ ಜಾಸ್ತಿ, ದೊಡ್ಡ ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡಿ, ರಾತ್ರಿ ಇಟ್ಕೊಂಡು ನೋಡೋ ಕಡೆ ಮಾಡ್ಸೋದೇ ಸರಿ. ನಮ್ಮ ಶಿಬಿರದಲ್ಲೂ ಕೆಲವನ್ನ ವಾಪಸ್ ಕಳಿಸಿದ್ರು, ಒಂದಕ್ಕೆ ಉಣ್ಣೆ ಜ್ವರ ಇತ್ತು, ಒಸಡು ಬಿಳುಚಿತ್ತು, ಔಷಧಿ ಕೊಟ್ಟು ಮುಂದಿನ ಸಲ ತನ್ನಿ ಅಂದ್ರು. ಆ ಮನೆಯವ್ರಿಗೆ ಸಿಟ್ಟು ಬಂತು, ಆದ್ರೆ ವಾಪಸ್ ಕಳಿಸೋ ಡಾಕ್ಟ್ರನ್ನೇ ನಂಬ್ಬೇಕು, ಬಂದಿದ್ದನ್ನೆಲ್ಲ ಟೇಬಲ್ ಮೇಲೆ ಹಾಕೋರನ್ನಲ್ಲ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಥರದ ದೊಡ್ಡ ಜಾತಿಗೆ ಬಹಳ ಬೇಗ ಮಾಡಿದ್ರೆ ಕೀಲಿನ ತೊಂದರೆ ಬರೋ ಸಾಧ್ಯತೆ ಇರೋದ್ರಿಂದ ಯಾವ ವಯಸ್ಸಿಗೆ ಅಂತ ಡಾಕ್ಟ್ರನ್ನ ಕೇಳಿ ಮಾಡ್ಸಿ.

ನಮ್ಮ ಹೆಣ್ಮಕ್ಕಳು ಅಂಗಡೀಲಿ ಕೂತು ಕೇಳೋ ಪ್ರಶ್ನೆಗಳೇ ಬೇರೆ. ಒಂದು ಸಲನಾದ್ರೂ ಮರಿ ಹಾಕಿಸ್ಬೇಕಲ್ವಾ, ಇಲ್ಲಾಂದ್ರೆ ಪಾಪ ತಟ್ಟಲ್ವಾ ಅಂತಾರೆ. ಆ ಮಾತಿಗೆ ವೈದ್ಯಕೀಯ ಆಧಾರ ಇಲ್ಲ, ಉಲ್ಟಾ ಮೊದಲ ಬೆದೆಗೆ ಮುಂಚೆ ಆಪರೇಷನ್ ಆದ ನಾಯಿಗೆ ಮುಂದೆ ಮೊಲೆ ಗಡ್ಡೆ ಬರೋ ಸಾಧ್ಯತೆ ತುಂಬಾನೇ ಕಮ್ಮಿ. ಪಾಪದ ಮಾತು ಅಂದ್ರೆ, ಮಳೇಲಿ ಗೋಣಿಚೀಲದಲ್ಲಿ ಹೋಗೋ ಮರಿಗಳ ಲೆಕ್ಕ ಯಾರ ಮೇಲೆ ಬರುತ್ತೆ ಅಂತ ನಾನು ಕೇಳ್ತೀನಿ. ಆಪರೇಷನ್ ಆಗದೆ ವಯಸ್ಸಾದ ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬೋ ಕಾಯಿಲೆ ಬರಬಹುದು, ಡಾಕ್ಟ್ರು ಪಯೋಮೆಟ್ರಾ ಅಂತಾರೆ, ಬೆದೆ ಮುಗಿದು ಕೆಲವು ವಾರದ ಮೇಲೆ ನಾಯಿ ಊಟ ಬಿಡುತ್ತೆ, ಒಂದೇ ಸಮ ನೀರು ಕುಡಿಯುತ್ತೆ, ವಾಂತಿ ಮಾಡುತ್ತೆ, ಕೆಲವಕ್ಕೆ ಹಿಂದಿನಿಂದ ಕೀವು ಸೋರುತ್ತೆ, ಕೆಲವಕ್ಕೆ ಅದೂ ಕಾಣಲ್ಲ, ಒಳಗೇ ತುಂಬ್ಕೊಂಡು ಹೊಟ್ಟೆ ಊದುತ್ತೆ. ಆಗ ಅರ್ಜೆಂಟಾಗಿ ಅದೇ ಗರ್ಭಕೋಶದ ಆಪರೇಷನ್ ಮಾಡ್ಬೇಕು, ಆದ್ರೆ ಸಾಯೋ ಸ್ಥಿತೀಲಿರೋ ನಾಯಿಗೆ, ಎಷ್ಟೋ ಪಟ್ಟು ಖರ್ಚಲ್ಲಿ. ನಮ್ಮ ಎದುರು ಮನೆ ಅಜ್ಜಿಯ ನಾಯಿ ಹೀಗೇ ಹೋಯ್ತು, ಮಕ್ಕಳು ದುಡ್ಡು ಹೊಂದಿಸೋಷ್ಟರಲ್ಲಿ ಪ್ರಾಣ ಹೋಗಿತ್ತು, ಅಜ್ಜಿ ಎಷ್ಟೋ ದಿನ ನಾಯಿ ಮಲಗ್ತಿದ್ದ ಕಟ್ಟೆ ಕಡೆ ನೋಡೋಕೂ ಆಗ್ದೆ ಬಾಗಿಲು ಹಾಕ್ಕೊಂಡು ಇದ್ರು. ಇನ್ನೊಂದು, ಜೋಡಿ ಆಗೋದರಿಂದ ನಾಯಿಂದ ನಾಯಿಗೆ ಹರಡೋ ಗಡ್ಡೆ, ಮರ್ಮಾಂಗದಲ್ಲಿ ಹೂಕೋಸಿನಂಗೆ ಬೆಳೆದು ರಕ್ತ ತೊಟ್ಟಿಕ್ತಾ ಇರುತ್ತೆ, ಬೀದೀಲಿ ತಿರುಗೋ ನಾಯಿಗಳಲ್ಲಿ ಇದನ್ನ ಎಷ್ಟೋ ಸಲ ನೋಡಿರ್ತೀರಿ, ಇದಕ್ಕೆ ವಾರ ವಾರ ಕೀಮೋ ಇಂಜೆಕ್ಷನ್ ಕೊಡ್ಬೇಕಾಗುತ್ತೆ.

ಗಂಡಸರದ್ದು ಬೇರೆ ತಕರಾರು. ಗಂಡು ನಾಯಿಗೆ ಮಾಡಿಸಿದ್ರೆ ಕಾವಲು ಬಿಡುತ್ತೆ, ಸಪ್ಪೆ ಆಗುತ್ತೆ ಅಂತ. ಮನೆ ಮುಂದೆ ಅಪರಿಚಿತರು ಬಂದ್ರೆ ಬೊಗಳೋದು ನಾಯಿಯ ಸ್ವಭಾವ, ಅದು ಬೀಜದಿಂದ ಬರೋದಲ್ಲ. ಕಮ್ಮಿ ಆಗೋದು ಹೆಣ್ಣು ನಾಯಿ ಹಿಂದೆ ಮೈಲಿಗಟ್ಟಲೆ ಹೋಗೋದು, ಹೋಗಿ ಹೈವೇಲಿ ಗಾಡಿಗೆ ಸಿಗೋದು, ಕಚ್ಚಾಡಿ ಕಿವಿ ಹರ್ಕೊಂಡು ಬರೋದು. ಮಾಡಿಸಿದ ಮೇಲೂ ಕೆಲವು ವಾರ ಗಂಡು ನಾಯಿಯಿಂದ ಗರ್ಭ ನಿಲ್ಲಬಹುದು, ಅದಕ್ಕೇ ತಕ್ಷಣ ಬಿಟ್ಟುಬಿಡಬಾರ್ದು. ದಪ್ಪ ಆಗುತ್ತೆ ಅನ್ನೋದು ಮಾತ್ರ ನಿಜ, ಆಪರೇಷನ್ ಆದ ಮೇಲೆ ಊಟದ ಅಗತ್ಯ ಕಮ್ಮಿ ಆಗುತ್ತೆ, ತಟ್ಟೇಲಿ ಅನ್ನ ಸ್ವಲ್ಪ ಕಡಿಮೆ ಹಾಕಿದ್ರೆ ಆಯ್ತು.

ಬೆಕ್ಕಿನ ಬಗ್ಗೆ ನಮ್ಮವ್ರು ಇನ್ನೂ ಉಡಾಫೆ. ಇಲಿ ಹಿಡಿಯುತ್ತೆ ಅಂತ ಬಿಟ್ಟಿರ್ತಾರೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬಸಿರಾಗಬಹುದು, ನಮ್ಮ ಕಣ್ಣಿಗೆ ಅದಿನ್ನೂ ಮರಿಯೇ. ಮರಿಗೆ ಹಾಲು ಕುಡಿಸ್ತಾ ಇರೋವಾಗಲೇ ಮತ್ತೆ ಗರ್ಭ ಕಟ್ಟಬಹುದು. ಹಾಗಾಗಿ ಬೆಕ್ಕು ಸಾಕಿದವ್ರು ಗಾಡಿ ಯಾವಾಗ ಬರುತ್ತೋ ನೋಡೋಣ ಅಂತ ಒಂದು ವರ್ಷ ಕಾಯೋ ಹಾಗಿಲ್ಲ.

ಆಪರೇಷನ್ ಮಾಡೋರ ಕೆಲಸ ಒಂದು ದಿನದ್ದು, ಆಮೇಲಿನ ಹತ್ತು ದಿನದ್ದು ನಮ್ಮ ಕೆಲಸ, ತಪ್ಪು ಆಗೋದು ಅಲ್ಲೇ. ಹಿಂದಿನ ರಾತ್ರಿ ಊಟ ಹಾಕ್ಬೇಡಿ ಅಂತ ಹೇಳಿರ್ತಾರೆ, ಪುಟ್ಟ ಮರಿಗಳಿಗೆ ಎಷ್ಟು ಹೊತ್ತು ಅಂತ ಬೇರೆ ಹೇಳ್ತಾರೆ, ಮನೇಲಿ ಮಕ್ಕಳು ಪಾಪ ಅಂತ ಬೆಳಗ್ಗೆ ಪಾರ್ಲೆ ಬಿಸ್ಕತ್ ಕೊಟ್ಟಿರ್ತವೆ. ಅರಿವಳಿಕೆಯಲ್ಲಿ ವಾಂತಿ ಆಗಿ ಅದು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಬರುತ್ತೆ, ಕೊಟ್ಟಿದ್ರೆ ಮುಚ್ಚಿಡದೆ ಹೇಳಿಬಿಡಿ, ಇನ್ನೊಂದು ದಿನ ಮಾಡ್ತಾರೆ. ಮನೆಗೆ ತಂದ ಮೇಲೆ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಬೂದಿ ಹಚ್ಚೋದು ನಮ್ಮವ್ರ ಅಭ್ಯಾಸ, ಏನೂ ಹಚ್ಚಬಾರ್ದು, ಒಣಗಿದ್ರೆ ಸಾಕು. ಸ್ನಾನ ಬೇಡ. ನೊಣ ಕೂತು ಮೊಟ್ಟೆ ಇಟ್ರೆ ಎರಡೇ ದಿನಕ್ಕೆ ಹುಳ ಆಗುತ್ತೆ, ಅದಕ್ಕೆ ದಿನಾ ಬೆಳಕಲ್ಲಿ ಗಾಯ ನೋಡ್ಬೇಕು, ಕೆಂಪಾಗಿ ಊದಿದ್ರೆ, ಸೋರಿದ್ರೆ, ವಾಸನೆ ಬಂದ್ರೆ ಅವತ್ತೇ ಫೋನ್ ಮಾಡ್ಬೇಕು. ನೋವಾಗ್ತಿದೆ ಅಂತ ನಮ್ಮ ಮನೇಲಿರೋ ಮಾತ್ರೆ ಕೊಡಬೇಡಿ, ಬೆಕ್ಕಿಗೆ ಕ್ರೋಸಿನ್, ಅಂದ್ರೆ ಪ್ಯಾರಾಸಿಟಮಾಲ್, ಒಂದೇ ಮಾತ್ರೆ ವಿಷ, ಸತ್ತೇ ಹೋಗಬಹುದು, ನಾಯಿಗೂ ನಮ್ಮ ಬ್ರೂಫೆನ್ ನೋವಿನ ಮಾತ್ರೆ ಕೊಡೋ ಹಾಗಿಲ್ಲ. ಈ ಒಂದು ಸಾಲು ಎಲ್ಲಾ ಶಿಬಿರದ ಚೀಟೀಲೂ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೀಬೇಕು. ಇಲ್ಲಿ ಚೀಟಿಗಳೆಲ್ಲ ಇಂಗ್ಲಿಷಲ್ಲಿ ಅಥವಾ ಕೊಂಕಣಿ ಮರಾಠಿಯಲ್ಲಿ ಇರ್ತವೆ, ನಮ್ಮ ಹೆಣ್ಮಕ್ಕಳು ಮಡಚಿ ಕಪಾಟಲ್ಲಿಡ್ತಾರೆ.

ನಾಯಿ ಹೊಲಿಗೆ ನೆಕ್ಕದಿರೋಕೆ ಕುತ್ತಿಗೆಗೆ ಹಾಕೋ ಪ್ಲಾಸ್ಟಿಕ್ ಕಾಲರ್ ಎಲ್ಲರ ಹತ್ರ ಇರಲ್ಲ, ಇದ್ರೂ ಚಿಕ್ಕ ರೂಮಲ್ಲಿ ಪಾತ್ರೆಗೆಲ್ಲ ತಾಗಿಸ್ಕೊಂಡು ಓಡಾಡುತ್ತೆ ಅಂತ ಜನ ಕಿತ್ತು ಬಿಸಾಡ್ತಾರೆ. ನಮ್ಮ ಪಕ್ಕದ ಬೀದೀಲಿ ಒಂದು ನಾಯಿ ಹೀಗೇ ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಕೊಂಡು ರಾತ್ರಿ ಗಾಬರಿ ಆಗಿತ್ತು, ಪುಣ್ಯಕ್ಕೆ ಗಾಡಿಯವ್ರ ನಂಬರ್ ಇತ್ತು, ಬೆಳಗ್ಗೆ ಬಂದು ಮತ್ತೆ ಹೊಲಿಗೆ ಹಾಕಿದ್ರು. ಹಳೇ ಟೀ ಶರ್ಟ್ ಇದ್ರೆ ಅದರಲ್ಲೇ ಅಂಗಿ ಮಾಡಬಹುದು, ಮುಂಗಾಲಿಗೆ ಎರಡು ತೂತು, ಬೆನ್ನ ಮೇಲೆ ಲಾಡಿ, ಹಿಂದೆ ಉಚ್ಚೆ ಮಾಡೋಕೆ ಜಾಗ ಬಿಟ್ಟು ಕತ್ತರಿಸ್ಬೇಕು, ನಾನು ಕರಿಯಮ್ಮನಿಗೆ ಹೊಲಿದಿದ್ದು ನೋಡಿ ಎಷ್ಟೋ ಜನ ಬಂದು ಹೊಲಿಸ್ಕೊಂಡು ಹೋದ್ರು. ಮುಂದೆ ಶಿಬಿರ ಆದಾಗ ಟೀ ಶರ್ಟ್ ತಂದವ್ರಿಗೆಲ್ಲ ದುಡ್ಡು ತಗೊಳ್ದೆ ಹೊಲಿದು ಕೊಡ್ತೀನಿ.

ಮನೆ ಬಾಗಿಲಿಗೆ ಹೋದ್ರೆ ಕೆಲಸ ಆಗುತ್ತೆ ಅನ್ನೋದಕ್ಕೆ ಗೋವಾಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಇಲ್ಲಿ ಮಿಷನ್ ರೇಬೀಸ್ ಅನ್ನೋ ಸಂಸ್ಥೆ ರಾಜ್ಯ ಸರ್ಕಾರದ ಜೊತೆ ಸೇರಿ ಹತ್ತು ವರ್ಷಕ್ಕೂ ಮೇಲಿಂದ ನಾಯಿಗಳಿಗೆ ಲಸಿಕೆ ಹಾಕ್ತಿದೆ. ಆಸ್ಪತ್ರೇಲಿ ಕೂತು ನಾಯಿ ತನ್ನಿ ಅನ್ನಲಿಲ್ಲ, ಓಣಿ ಓಣಿಗೆ ಬಂದ್ರು, ಮನೆ ನಾಯಿಗೆ ಮಾಲೀಕರೇ ಹಿಡ್ಕೊಂಡಿರೋವಾಗ ಸೂಜಿ, ಬೀದಿ ನಾಯಿಗೆ ಬಲೆ ಹಾಕಿ ಸೂಜಿ, ಯಾವ ಬೀದಿ ಆಯ್ತು ಯಾವುದು ಉಳೀತು ಅಂತ ಮೊಬೈಲ್ ಆ್ಯಪಲ್ಲಿ ಗುರುತು, ಶಾಲೆಗಳಲ್ಲಿ ಮಕ್ಕಳಿಗೆ ಪಾಠ. ನೂರಕ್ಕೆ 70 ನಾಯಿಗೆ ಲಸಿಕೆ ಬಿದ್ರೆ ರೋಗ ಹರಡೋದು ನಿಲ್ಲುತ್ತೆ ಅನ್ನೋ ಲೆಕ್ಕದ ಮೇಲೆ ವರ್ಷ ವರ್ಷ ಹತ್ತಿರ ಹತ್ತಿರ ಒಂದು ಲಕ್ಷ ನಾಯಿಗೆ ಹಾಕಿದ್ರು. ನಾಯಿಗಳಲ್ಲಿ ತಿಂಗಳಿಗೆ ಬರ್ತಿದ್ದ ರೇಬೀಸ್ ಕೇಸು ನೂರಕ್ಕೆ 92 ರಷ್ಟು ಇಳೀತು ಅಂತ 2022 ರಲ್ಲಿ ಅಧ್ಯಯನ ಪ್ರಕಟ ಆಯ್ತು, ಅದಕ್ಕೆ ಮುಂಚೆ 2021 ರಲ್ಲೇ ಗೋವಾ ದೇಶದ ಮೊದಲ ರೇಬೀಸ್ ನಿಯಂತ್ರಿತ ರಾಜ್ಯ ಅನ್ನಿಸ್ಕೊಂಡಿತ್ತು. ಇದೇ ನಮ್ಮ ಝುವಾರಿನಗರದ ಜನ, ಇದೇ ನಾಯಿಗಳು. ಜನಕ್ಕೆ ತಿಳುವಳಿಕೆ ಇಲ್ಲ, ಸಹಕಾರ ಕೊಡಲ್ಲ ಅನ್ನೋ ಮಾತು ಆವತ್ತು ಸುಳ್ಳಾಯ್ತು. ಸೂಜಿ ಬಾಗಿಲಿಗೆ ಬಂತು, ಜನ ಹಾಕಿಸ್ಕೊಂಡ್ರು. ಆಪರೇಷನ್ ಸೂಜಿಗಿಂತ ದೊಡ್ಡ ಕೆಲಸ, ನಿಜ, ಡಾಕ್ಟ್ರು ಬೇಕು, ಟೇಬಲ್ ಬೇಕು, ಹೊತ್ತು ಬೇಕು. ಆದ್ರೆ ದಾರಿ ಇದೇ.

ನಮ್ಮ ಊರ ಕಡೆ ನೋಡಿ, ದನ ಎಮ್ಮೆಗೆ ಹುಷಾರಿಲ್ಲ ಅಂದ್ರೆ 1962 ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಕೊಟ್ಟಿಗೆಗೇ ಬರುತ್ತೆ, ಒಂದು ಲಕ್ಷ ಜಾನುವಾರಿಗೆ ಒಂದು ಗಾಡಿ ಅನ್ನೋ ಲೆಕ್ಕದಲ್ಲಿ ಕೇಂದ್ರ ಸರ್ಕಾರ ದುಡ್ಡು ಕೊಡುತ್ತೆ. ಎಮ್ಮೇನ ಆಸ್ಪತ್ರೆಗೆ ಹೊತ್ಕೊಂಡು ಬನ್ನಿ ಅಂತ ಯಾರೂ ಹೇಳಲ್ಲ. ನಾಯಿ ವಿಷಯದಲ್ಲೂ ಇದು ಹೊಸ ಯೋಚನೆ ಅಲ್ಲ, 2001 ರ ನಾಯಿ ಸಂತಾನ ನಿಯಂತ್ರಣ ನಿಯಮದಲ್ಲೇ ಸ್ಥಳೀಯ ಸಂಸ್ಥೆಗಳು ಸಂತಾನಹರಣಕ್ಕೆ, ಲಸಿಕೆಗೆ ಓಡಾಡೋ ಕೇಂದ್ರವಾಗಿ ಒಂದು ಆಂಬುಲೆನ್ಸ್ ಥರದ ಕ್ಲಿನಿಕ್ ಗಾಡಿ ಇಡ್ಬೇಕು ಅಂತ ಇತ್ತು. ಅಮೆರಿಕದ ಲಾಸ್ ಏಂಜಲೀಸ್ ನಗರಪಾಲಿಕೆ 1971 ರಲ್ಲೇ ಸಾಕುಪ್ರಾಣಿಗಳಿಗೆ ಕಡಿಮೆ ದರದ ಆಪರೇಷನ್ ಕ್ಲಿನಿಕ್ ತೆರೆದಿತ್ತು, ಸಾಕಿದವ್ರ ಖರ್ಚಲ್ಲಿ ಪಾಲು ಹಾಕಿದ್ರೆ ಮುಂದೆ ಪಾಲಿಕೆಗೇ ಉಳಿತಾಯ ಅನ್ನೋ ಲೆಕ್ಕಾಚಾರದಲ್ಲಿ. ನ್ಯೂಯಾರ್ಕ್ ಥರದ ಊರಲ್ಲೂ ಬಡವರಿರೋ ಬಡಾವಣೆಗೆ ಆಪರೇಷನ್ ವ್ಯಾನ್ ಹೋಗುತ್ತೆ. ಅಷ್ಟು ದುಡ್ಡಿರೋ ಊರಿಗೇ ಗಾಡಿ ಬೇಕಾಗಿದೆ ಅಂದ್ಮೇಲೆ ನಮ್ಮ ವಾಸ್ಕೋ ಕಡೆಯ ಬೈನಾ, ಸಡಾ, ಮಾಂಗೋರ್ ಹಿಲ್, ಝುವಾರಿನಗರಕ್ಕೆ ಬೇಡ್ವಾ?

ಈಗ ನನ್ನ ಮನವಿ. ಮೊದಲನೇದು ನಮ್ಮ ಕನ್ನಡ ಸಂಘಗಳಿಗೇ. ಗೋವಾದಲ್ಲಿ ನಮ್ಮ ಸಂಘಗಳು ರಾಜ್ಯೋತ್ಸವ ಅಂದ್ರೆ ಎಷ್ಟು ಚೆನ್ನಾಗಿ ಮಾಡ್ತವೆ, ಮೆರವಣಿಗೆ, ಸನ್ಮಾನ, ರಕ್ತದಾನ ಶಿಬಿರ, ಕಣ್ಣು ತಪಾಸಣೆ. ಈ ನವೆಂಬರ್‌ನಲ್ಲಿ ಅದರ ಜೊತೆ ಒಂದು ನಾಯಿ ಬೆಕ್ಕಿನ ಆಪರೇಷನ್ ಶಿಬಿರ ಇಟ್ಕೊಳ್ಳಿ. ನವೆಂಬರ್ ಅಂದಿದ್ದು ಬರೀ ರಾಜ್ಯೋತ್ಸವಕ್ಕಲ್ಲ, ಗೋವಾದ ಮಳೇಲಿ ನಮ್ಮ ಮನೆ ನೆಲವೇ ಒಣಗಲ್ಲ, ಗಾಯ ಎಲ್ಲಿ ಒಣಗುತ್ತೆ, ಮಳೆ ನಿಂತ ಮೇಲೆ ಮೇ ತಿಂಗಳೊಳಗೆ ಮಾಡಿದ್ರೆ ಒಳ್ಳೇದು. ಸಂಘದವ್ರು ಆಪರೇಷನ್ ಮಾಡ್ಬೇಕಾಗಿಲ್ಲ, ಅನುಮತಿ ಇರೋ, ಅನುಭವ ಇರೋ ಸಂಸ್ಥೇನ ಕರೆಸ್ಬೇಕು, ಹೆಸರು ಬರ್ಕೋಬೇಕು, ಕನ್ನಡದಲ್ಲಿ ತಿಳಿಸಿ ಹೇಳ್ಬೇಕು, ಬೆಳಗ್ಗೆ ಡ್ಯೂಟಿಗೆ ಹೋಗೋರ ನಾಯೀನ ಸಂಜೆವರೆಗೆ ನೋಡ್ಕೊಳ್ಳೋ ನಾಲ್ಕು ಹುಡುಗರನ್ನ ಕೊಡ್ಬೇಕು.

ಎರಡನೇದು ಸಾಂಕ್ವಾಳ್ ಪಂಚಾಯ್ತಿಗೆ, ಮುರಗಾಂವ್ ಪುರಸಭೆಗೆ, ಪಶುಸಂಗೋಪನಾ ಇಲಾಖೆಗೆ. ಬೀದಿನಾಯಿ ಕಾರ್ಯಕ್ರಮದ ಪಕ್ಕದಲ್ಲೇ ಬಡವರ ಸಾಕುಪ್ರಾಣಿಗೂ ಕಡಿಮೆ ದರದ ಗಾಡಿ ಕೊಡಿ, ರೇಷನ್ ಕಾರ್ಡ್ ತೋರಿಸಿದವ್ರಿಗೆ ಇನ್ನೂ ಕಡಿಮೆ ಮಾಡಿ. ಪೂರ್ತಿ ಫ್ರೀ ಬೇಕು ಅಂತ ನಾನು ಕೇಳಲ್ಲ, ಸ್ವಲ್ಪ ದುಡ್ಡು ಕೊಟ್ಟವ್ರು ಆಮೇಲೆ ಗಾಯಾನೂ ಚೆನ್ನಾಗಿ ನೋಡ್ಕೋತಾರೆ ಅನ್ನೋದು ನನ್ನ ಅನಿಸಿಕೆ, ಆದ್ರೆ ಕೂಲಿ ಮಾಡೋರ ಕೈಗೆ ಎಟುಕೋ ಹಾಗೆ ಇರ್ಲಿ. ಜಾಗ ಕಮ್ಮಿ ಇದ್ರೆ ಹೆಣ್ಣು ಪ್ರಾಣಿಗೆ ಮೊದಲು ಮಾಡಿ, ಹತ್ತು ಗಂಡಿಗೆ ಮಾಡಿ ಒಂದನ್ನ ಬಿಟ್ರೂ ಆ ಒಂದೇ ಸಾಕು ಓಣಿಯ ಹೆಣ್ಣು ನಾಯಿಗಳೆಲ್ಲ ಬಸಿರಾಗೋಕೆ. ಮರಿ ದತ್ತು ಕೊಡೋವಾಗ ಹೆಣ್ಣು ಮರಿಗೆ ಆಪರೇಷನ್ ಕೂಪನ್ ಜೊತೆಗೇ ಕೊಡಿ, ಆಗ ನೋಡಿ ಹೆಣ್ಣು ಮರಿ ಬೇಡ ಅನ್ನೋರು ಎಷ್ಟು ಕಮ್ಮಿ ಆಗ್ತಾರೆ ಅಂತ. ಬಿಲ್ಡಿಂಗ್ ಕಟ್ಟೋ ಕಾಂಟ್ರಾಕ್ಟರ್‌ಗಳಿಗೂ ಹೇಳಿ, ಸೈಟಲ್ಲಿ ನಾಯಿ ಇದ್ರೆ ಅದರ ಆಪರೇಷನ್, ಲಸಿಕೆ ಅವರ ಖರ್ಚಲ್ಲಿ ಆಗ್ಲಿ. ಮತ್ತೆ ಗಾಡಿ ಒಂದು ಸಲ ಬಂದು ಫೋಟೋ ತೆಗೆಸ್ಕೊಂಡು ಹೋದ್ರೆ ಪ್ರಯೋಜನ ಇಲ್ಲ. ಮೊದಲ ಸಲ ಹೆದರ್ಕೊಂಡು ದೂರ ನಿಂತು ನೋಡಿದವ್ರು ಪಕ್ಕದ ಮನೆ ನಾಯಿ ಚೆನ್ನಾಗಿರೋದು ನೋಡಿ ಎರಡನೇ ಸಲ ತರ್ತಾರೆ, ನಮ್ಮ ಕಡೆ ಆಗಿದ್ದೂ ಹಾಗೇ, ಗಾಡಿ ಹೋದ ಮೇಲೆ ಮತ್ತೆ ಯಾವಾಗ ಬರುತ್ತೆ ಅಂತ ನನ್ನ ಅಂಗಡಿಗೆ ಬಂದು ಕೇಳಿದವ್ರು ಬಹಳ. ಎರಡು ಮೂರು ತಿಂಗಳಿಗೊಮ್ಮೆ ಅದೇ ಜಾಗಕ್ಕೆ, ಹೇಳಿದ ತಾರೀಕಿಗೆ ಬರ್ಬೇಕು, ಆಮೇಲೆ ಗಾಯದ ತೊಂದರೆಗೆ ಫೋನ್ ಎತ್ತೋ ಒಂದು ನಂಬರ್ ಇರ್ಬೇಕು.

ಪುಣೆ, ಮುಂಬೈ, ಡೊಂಬಿವಲಿ ಕಡೆ ಇರೋ ಕನ್ನಡದವ್ರೂ ಇದನ್ನ ಓದ್ತಿದ್ರೆ, ನಿಮ್ಮ ಚಾಳು, ಸೊಸೈಟಿ, ಸಂಘದಲ್ಲಿ ಇಂಥ ಗಾಡಿ ಕರೆಸಿದ್ರೆ ಹೇಗೆ ಮಾಡಿದ್ರಿ ಅಂತ ಈ ಪತ್ರಿಕೆಗೆ ದಯವಿಟ್ಟು ಬರೀರಿ, ನಮಗೆ ದಾರಿ ಆಗುತ್ತೆ.

ಗಾಡಿಯವ್ರನ್ನ ನಾನು ಕೇಳಿದ್ದೆ, ಶಿಬಿರ ಇಡೋಕೆ ನಾವು ಏನು ಕೊಡ್ಬೇಕು ಅಂತ. ಗಾಡಿ ನಿಲ್ಲೋಕೆ ಸಮತಟ್ಟು ಜಾಗ, ಒಂದು ನಲ್ಲಿ ನೀರು, ಲೈಟಿನ ಒಂದು ಕನೆಕ್ಷನ್, ಆಪರೇಷನ್ ಆದ ಪ್ರಾಣಿಗಳು ಏಳೋವರೆಗೆ ಮಲಗೋಕೆ ನೆರಳಿನ ಒಂದು ಹಾಲ್ ಅಂದ್ರು. ನಮ್ಮ ಓಣಿಯ ಸಮುದಾಯ ಭವನದಲ್ಲಿ ಇವೆಲ್ಲಾ ಇವೆ, ಕಮಿಟಿಯವ್ರು ಬೀಗದ ಕೈ ಕೊಡೋಕೂ ಒಪ್ಪಿದ್ದಾರೆ. ಗಾಡಿ ಕಳಿಸೋರು ತಾರೀಕು ಹೇಳಿದ್ರೆ ಹೆಸರು ಬರೆಯೋ ಪುಸ್ತಕ ನನ್ನ ಅಂಗಡೀಲೇ ಇಟ್ಕೋತೀನಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ ಮಹಿಳೆ
ಝುವಾರಿನಗರ, ವಾಸ್ಕೋ, ಗೋವಾ